ಜಾಲಪುಟದ ಹೆಸರು ಮತ್ತು ವಿವರಣೆ: ಹೈದರಾಬಾದಿನ ಕನ್ನಡ ಸಂಘಗಳ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಹೈದರಾಬಾದು ನಗರದ ಕನ್ನಡ ಸಂಘಗಳ, ಶಾಲೆಗಳ, ನಾಟಕಮಂಡಲಿಗಳ ಮಾನ್ಯ ಕಾರ್ಯದರ್ಶಿಗಳಿಗೂ, ಅವುಗಳ ಜಾಲತಾಣಗಳನ್ನು ಬಿಡುವಿನ ವೇಳೆಯಲ್ಲಿ ಶ್ರದ್ಧೆಯಿಂದ ನೋಡಿಕೊಳ್ಳುತ್ತಿರುವ ತರುಣ ಮಿತ್ರರಿಗೂ,



ಮನೆಯೊಳಗೆ ಕುಳಿತು ಮೆಲ್ಲಗೆ ಆಡಬಹುದಾದ ಮಾತನ್ನು ಹೀಗೆ ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕಾಗಿ ತಾವು ಮೊದಲು ನನ್ನನ್ನು ಕ್ಷಮಿಸಬೇಕು. ನಾನು ಹೇಳಹೊರಟಿರುವ ವಿಷಯ ಯಾವುದಾದರೊಂದು ಸಂಘಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಅದರ ಕಾರ್ಯದರ್ಶಿಗಳ ಮನೆಗೇ ಹೋಗಿ, ಅವರು ಕೊಟ್ಟ ಕಾಫಿಯನ್ನು ಕುಡಿದು, ಅಲ್ಲಿಯೇ ಹೇಳಿ ಬರುತ್ತಿದ್ದೆ. ಆದರೆ ಈ ನಗರದಲ್ಲಿ ಕನ್ನಡದ ಹೆಸರಿನಲ್ಲಿ ದುಡಿಯುತ್ತಿರುವ ಹಲವು ಸಂಸ್ಥೆಗಳ ಜಾಲತಾಣಗಳಲ್ಲಿ ಒಂದೇ ಬಗೆಯ ನ್ಯೂನತೆಯನ್ನು ಕಂಡವನಾದುದರಿಂದಲೂ, ಆ ನ್ಯೂನತೆ ಧನವ್ಯಯವಿಲ್ಲದೆ ಒಂದು ಸಾಯಂಕಾಲದ ಪರಿಶ್ರಮದಿಂದ ನಿವಾರಣೆಯಾಗತಕ್ಕದ್ದಾದುದರಿಂದಲೂ, ಅದರಿಂದ ಆಗುತ್ತಿರುವ ನಷ್ಟ ಮಾತ್ರ ಅಷ್ಟು ಅಲ್ಪವಲ್ಲದುದರಿಂದಲೂ, ಈ ಪತ್ರವನ್ನು ತಮ್ಮೆಲ್ಲರ ಮುಂದಿಡುವ ಧೈರ್ಯ ಮಾಡಿದ್ದೇನೆ. ಆ ನ್ಯೂನತೆ ಇದು: ನಮ್ಮ ಪುಟಗಳಿಗೆ ಸರಿಯಾದ ಹೆಸರಿಲ್ಲ, ಹೆಸರಿನ ಕೆಳಗೆ ಇರಬೇಕಾದ ಎರಡು ಸಾಲಿನ ಪರಿಚಯವಿಲ್ಲ.

ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಧಾರವಾಡದಿಂದ ಉದ್ಯೋಗನಿಮಿತ್ತ ಈ ನಗರಕ್ಕೆ ಬಂದು, ಪಶ್ಚಿಮದ ಹೊಸ ಬಡಾವಣೆಯೊಂದರಲ್ಲಿ ನೆಲೆಸಿದ್ದ ಪರಿಚಿತ ಕುಟುಂಬವೊಂದರ ತಾಯಿ, ಏಳು ವರ್ಷದ ತನ್ನ ಮಗಳು ಮನೆಯಲ್ಲಿ ಕನ್ನಡವನ್ನು ಆಡಬಲ್ಲವಳಾಗಿದ್ದರೂ ಓದಲಾರದವಳಾಗಿ ಬೆಳೆಯುತ್ತಿರುವುದನ್ನು ಕಂಡು ವ್ಯಥೆಗೊಂಡು, ಮಕ್ಕಳಿಗೆ ಅಕ್ಷರ ಕಲಿಸುವ ತರಗತಿ ಎಲ್ಲಿಯಾದರೂ ಉಂಟೇ ಎಂದು ತಿಂಗಳುಗಟ್ಟಲೆ ತನ್ನ ಫೋನಿನಲ್ಲಿ ಹುಡುಕಿದಳು. ಅವಳ ಮನೆಯಿಂದ ಎರಡು ಬೀದಿಗಳ ಆಚೆ, ಸಂಘವೊಂದರ ಆಶ್ರಯದಲ್ಲಿ, ಪ್ರತಿ ಭಾನುವಾರ ಅಂಥ ತರಗತಿ ನಡೆಯುತ್ತಲೇ ಇತ್ತು. ಆ ಸಂಘಕ್ಕೆ ಜಾಲತಾಣವಿತ್ತು. ತರಗತಿಯನ್ನು ಕುರಿತು ಅದರಲ್ಲಿ ಒಂದು ಪುಟವೂ ಇತ್ತು. ಆ ಪುಟದಲ್ಲಿ ನಗುವ ಮಕ್ಕಳ ಚಿತ್ರಗಳೂ ಇದ್ದುವು. ಆದರೆ ಪುಟದ ಹೆಸರು ‘ಸುಸ್ವಾಗತ’ ಎಂದಿತ್ತು, ತರಗತಿಯ ವೇಳೆ ಮತ್ತು ಸ್ಥಳಗಳೆಲ್ಲ ಒಂದು ಬಣ್ಣದ ಚಿತ್ರದೊಳಗೆ ಅಚ್ಚಾಗಿದ್ದುವು. ಈ ವಿಷಯ ಅವಳಿಗೆ ತಿಳಿದದ್ದು, ಪತಿಗೆ ಪುಣೆಗೆ ವರ್ಗವಾಗಿ ಸಾಮಾನು ಕಟ್ಟುತ್ತಿದ್ದ ವಾರದಲ್ಲಿ, ನೆರೆಯವರ ಬಾಯಿಂದ. ಕಲಿಸುವವರೂ ಇದ್ದರು, ಕಲಿಯಬೇಕೆನ್ನುವವರೂ ಇದ್ದರು. ಇಬ್ಬರ ನಡುವೆ ಇಲ್ಲದೆ ಹೋದದ್ದು ಒಂದು ಹೆಸರುಹಲಗೆ.

ಈ ಹೆಸರುಹಲಗೆ ಎಂಬುದೇನು ಎನ್ನುವುದನ್ನು, ತಂತ್ರಜ್ಞರಲ್ಲದ ಹಿರಿಯ ಪದಾಧಿಕಾರಿಗಳಿಗಾಗಿ, ಸ್ವಲ್ಪ ವಿಶದಪಡಿಸುತ್ತೇನೆ. ಪ್ರತಿಯೊಂದು ಜಾಲಪುಟದ ಮೂಲಬರೆಹದಲ್ಲಿ, ಓದುವವನ ಕಣ್ಣಿಗೆ ಪುಟದೊಳಗೆ ಕಾಣದ ಒಂದು ಶಿರೋಭಾಗವುಂಟು. ಅದರಲ್ಲಿ ಶೀರ್ಷಿಕೆ ಅಥವಾ ಟೈಟಲ್ ಎಂಬುದೊಂದು, ಡಿಸ್ಕ್ರಿಪ್ಷನ್ ಎಂಬ ವಿವರಣೆಯೊಂದು ಇರಲು ಸ್ಥಳವಿದೆ. ಗೂಗಲ್ ಮೊದಲಾದ ಶೋಧಯಂತ್ರಗಳು ಲೋಕದ ಜಾಲಪುಟಗಳನ್ನೆಲ್ಲ ಸುತ್ತಿ, ಅವುಗಳಲ್ಲಿರುವ ಮಾತುಗಳನ್ನು ತಮ್ಮ ಸೂಚಿಯಲ್ಲಿ ಸಂಗ್ರಹಿಸಿಟ್ಟುಕೊಂಡಿರುತ್ತವೆ. ಯಾರಾದರೂ ಒಂದು ಮಾತನ್ನು ಬರೆದು ಹುಡುಕಿದಾಗ ಅವನ ಮುಂದೆ ಬಂದು ನಿಲ್ಲುವ ಪಟ್ಟಿಯಲ್ಲಿ ದೊಡ್ಡ ಅಕ್ಷರದ ನೀಲಿಯ ಸಾಲು ಸಾಮಾನ್ಯವಾಗಿ ಆ ಶೀರ್ಷಿಕೆ. ಅದರಡಿಯ ಸಣ್ಣ ಅಕ್ಷರದ ಸಾಲುಗಳು ಹಲವು ವೇಳೆ ಆ ವಿವರಣೆ. ಹುಡುಕುವವನು ನಮ್ಮ ಪುಟವನ್ನು ಆಗ ಇನ್ನೂ ನೋಡಿರುವುದಿಲ್ಲ. ನಮ್ಮ ಸಂಘದ ಹಿರಿಮೆಯಾಗಲಿ, ನಮ್ಮ ನಾಟಕದ ಸೊಗಸಾಗಲಿ, ನಮ್ಮ ಗ್ರಂಥಭಂಡಾರದ ಸಮೃದ್ಧಿಯಾಗಲಿ ಅವನಿಗೆ ತಿಳಿಯದು. ಹತ್ತು ಹೆಸರುಗಳ ನಡುವೆ ಒಂದನ್ನು ಆರಿಸಿ ಒಳಗೆ ಬರಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವನು ಆ ಮೂರು ಸಾಲುಗಳನ್ನು ಓದುವ ಕ್ಷಣಮಾತ್ರದಲ್ಲಿ ಮಾಡಬೇಕಾಗಿದೆ.

ಗ್ರಂಥಾಲಯದಲ್ಲಿ ಸೂಚಿಪತ್ರಗಳನ್ನು ಬರೆಯುತ್ತ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆದ ನನಗೆ ಇದು ಹೊಸ ವಿದ್ಯೆಯಾಗಿ ಕಾಣುವುದಿಲ್ಲ. ನಮ್ಮ ಪ್ರಾಚೀನ ಕವಿಗಳು ತಮ್ಮ ಹೆಸರನ್ನೂ ಕಾವ್ಯದ ಹೆಸರನ್ನೂ ಆಶ್ವಾಸಾಂತ್ಯದ ಗದ್ಯದಲ್ಲಿ ಹೇಳುತ್ತಿದ್ದರು. ಓಲೆಯ ಕಟ್ಟನ್ನು ಬಿಚ್ಚಿದ ವಿದ್ವಾಂಸನು ಗ್ರಂಥ ಯಾವುದೆಂದು ತಿಳಿಯಲು ಆಶ್ವಾಸದ ಕೊನೆಯ ಗರಿಯನ್ನು ಅರಸಬೇಕಾಗುತ್ತಿತ್ತು, ಆ ಗರಿಗೆ ಹುಳು ಹಿಡಿದಿದ್ದರೆ ಕೃತಿ ಅನಾಮಕವಾಗಿ ಉಳಿಯುತ್ತಿತ್ತು. ಅಂಥ ಅಸಂಖ್ಯ ಓಲೆಗಳನ್ನೂ ಶಾಸನಗಳನ್ನೂ ಶೋಧಿಸಿ, ಕವಿಯ ಹೆಸರು, ಕಾಲ, ಗ್ರಂಥ, ಮತ, ಆಶ್ರಯ ಇವಿಷ್ಟನ್ನು ಕೆಲವೇ ಸಾಲುಗಳಲ್ಲಿ ನಿರ್ಣಯಿಸಿ ಹೇಳಿದ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಪ್ರಕಟವಾಯಿತು, ಅಲ್ಲಿಂದ ಮುಂದೆ ಕನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡಿದವರೆಲ್ಲರೂ ಆ ಸಂಕ್ಷಿಪ್ತ ಪರಿಚಯಗಳ ಬಾಗಿಲಿನಿಂದಲೇ ಕಾವ್ಯಗಳ ಒಳಗೆ ಹೋದರು. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು ರಚಿಸಿಕೊಟ್ಟಾಗ, ಪ್ರತಿಯೊಬ್ಬ ವಾಚಕನಿಗೂ ಅವನ ಗ್ರಂಥ ದೊರೆಯಬೇಕು, ಪ್ರತಿಯೊಂದು ಗ್ರಂಥಕ್ಕೂ ಅದರ ವಾಚಕ ದೊರೆಯಬೇಕು, ವಾಚಕನ ಕಾಲ ವ್ಯರ್ಥವಾಗಬಾರದು ಎಂಬ ಮೂರನ್ನು ಅವುಗಳಲ್ಲಿ ಸೇರಿಸಿದರು. ‘ಗ್ರಂಥ’ ಎಂಬಲ್ಲಿ ‘ಪುಟ’ ಎಂದು ಬದಲಿಸಿಕೊಂಡರೆ ಇಂದು ನಾನು ತಮಗೆ ಹೇಳಬೇಕಾದ ತತ್ತ್ವವೆಲ್ಲ ಅಷ್ಟರಲ್ಲಿಯೇ ಅಡಗಿದೆ.

ಹೆಸರು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ನಮ್ಮ ಈ ನಗರದಲ್ಲಿಯೇ ಒಂದುಂಟು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ, ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದ ಸ್ಮೃತಿಯೆಂಬಂತೆ, ಅಪೂರ್ವವಾದ ಕನ್ನಡ ಪುಸ್ತಕಗಳು ಉಳಿದುಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ನಮ್ಮ ಗಚ್ಚಿಬೌಲಿಯ ಐಐಐಟಿಯೂ ಭಾಗವಹಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಹತ್ತಾದ ಯೋಜನೆಯಲ್ಲಿಯೂ, ಉಸ್ಮಾನಿಯಾದ ಸ್ವಂತ ಡಿಜಿಟಲ್ ಗ್ರಂಥಾಲಯದಲ್ಲಿಯೂ ಸಾವಿರಾರು ಕನ್ನಡ ಗ್ರಂಥಗಳು ಪುಟಪುಟವಾಗಿ ಸ್ಕ್ಯಾನ್ ಆಗಿ ಜಾಲಕ್ಕೆ ಬಂದುವು. ಪುಣ್ಯಕಾರ್ಯವೇ ಸರಿ. ಆದರೆ ಪುಸ್ತಕಗಳ ಹೆಸರುಗಳು ಅಲ್ಲಿ ದಾಖಲಾದದ್ದು ರೋಮನ್ ಲಿಪಿಯಲ್ಲಿ. ಹ್ರಸ್ವದೀರ್ಘಗಳ ಭೇದವಿಲ್ಲದೆ, ಲಕಾರಳಕಾರಗಳ ವಿವೇಚನೆಯಿಲ್ಲದೆ, ಎಷ್ಟೋ ಕಡೆ ಕಾಗುಣಿತದ ದೋಷಗಳೊಡನೆ. ಆ ಲಿಪಿಯಲ್ಲಿ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ, ‘ಬಳಿ’ಯೂ ‘ಬಲಿ’ಯೂ ಒಂದೇ. ಪುಸ್ತಕದ ಒಳಗೆ ಅಚ್ಚಾದ ಅಕ್ಷರಗಳಾದರೋ ಕೇವಲ ಚಿತ್ರಗಳಾಗಿದ್ದುವು, ಆಗಿನ ಯಂತ್ರವು ಓದಲಾರದವು. ಹೀಗಾಗಿ, ಕನ್ನಡದ ಓದುಗನೊಬ್ಬನು ತಾನು ಬಲ್ಲ ಹೆಸರನ್ನು ಕನ್ನಡದಲ್ಲಿಯೇ ಬರೆದು ಹುಡುಕಿದರೆ, ಜಗತ್ತಿಗೆಲ್ಲ ತೆರೆದಿಟ್ಟಿದ್ದ ಆ ಗ್ರಂಥ ಅವನೊಬ್ಬನಿಗೆ ಮಾತ್ರ ಮುಚ್ಚಿದಂತಾಗುತ್ತಿತ್ತು.

ಈ ಅನರ್ಥವನ್ನು ಸರಿಪಡಿಸಿದವರು ಯಾರು? ‘ಸಂಚಯ’ ಎಂಬ ಹೆಸರಿನಲ್ಲಿ ಕೂಡಿ ದುಡಿಯುವ ಕನ್ನಡದ ತಂತ್ರಜ್ಞ ಮಿತ್ರರು, ದಶಕಕ್ಕೂ ಹಿಂದೆ, ಉಸ್ಮಾನಿಯಾದ ಮತ್ತು ಡಿಜಿಟಲ್ ಲೈಬ್ರರಿಯ ಕನ್ನಡ ಪುಸ್ತಕಗಳ ಪಟ್ಟಿಯನ್ನು ಸಾರ್ವಜನಿಕರ ಮುಂದಿಟ್ಟು, ಬನ್ನಿ, ಒಂದೊಂದು ಹೆಸರನ್ನು ಕನ್ನಡದಲ್ಲಿ ಬರೆಯೋಣ ಎಂದು ಕರೆಕೊಟ್ಟರು. ಬೇರೆಬೇರೆ ಊರುಗಳ ಸ್ವಯಂಸೇವಕರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ರೋಮನ್ ಅಕ್ಷರಗಳ ಮುಸುಕನ್ನು ತೆಗೆದು, ಆ ಗ್ರಂಥಗಳ ಹೆಸರುಗಳನ್ನೂ ಕರ್ತೃಗಳ ಹೆಸರುಗಳನ್ನೂ ಸ್ವಲಿಪಿಯಲ್ಲಿ ಬರೆದರು. ‘ಪುಸ್ತಕ ಸಂಚಯ’ ಎಂಬ ಸೂಚಿ ಹೀಗೆ ಸಿದ್ಧವಾಯಿತು. ಅವರು ಗ್ರಂಥದ ಒಂದಕ್ಷರವನ್ನೂ ಬದಲಿಸಲಿಲ್ಲ, ಒಂದು ಪುಟವನ್ನೂ ಹೊಸದಾಗಿ ಸ್ಕ್ಯಾನ್ ಮಾಡಲಿಲ್ಲ. ಹೆಸರನ್ನು ಮಾತ್ರ ಸರಿಯಾಗಿ ಬರೆದರು. ಅಷ್ಟರಿಂದಲೇ ಪುಸ್ತಕ ಓದುಗನ ಕೈಗೆ ಬಂತು. ಇಷ್ಟು ಪ್ರಯೋಜನಕಾರಿಯಾದ ಕೆಲಸಕ್ಕೆ ನಮ್ಮ ನಗರದ ಗ್ರಂಥಭಂಡಾರವೇ ಕ್ಷೇತ್ರವಾಗಿರಲು, ನಮ್ಮ ಸಂಘಗಳ ಹತ್ತಿಪ್ಪತ್ತು ಪುಟಗಳಿಗೆ ನಾವು ಹೆಸರಿಡದೆ ಇರುವುದು ಯೋಗ್ಯವೇ ಎಂಬುದನ್ನು ತಾವೇ ಪರ್ಯಾಲೋಚಿಸಬೇಕು.

ಇನ್ನು ಹೆಸರನ್ನು ಬರೆಯುವ ಕ್ರಮದ ವಿಚಾರ. ಮೊದಲನೆಯದಾಗಿ, ಹೆಸರು ಹುಡುಕುವವನ ಬಾಯಲ್ಲಿರುವ ಮಾತಿನಲ್ಲಿರಬೇಕು. ನಾವು ಕನ್ನಡಿಗರು ಸ್ವಭಾವತಃ ನಾಮಕರಣಪ್ರಿಯರು. ರಾಜ್ಯೋತ್ಸವದ ಸಮಾರಂಭವನ್ನು ‘ನುಡಿಹಬ್ಬ’ ಎಂದೋ ‘ಕನ್ನಡ ಡಿಂಡಿಮ’ ಎಂದೋ, ಮಕ್ಕಳ ತರಗತಿಯನ್ನು ‘ಚಿಗುರು’ ಎಂದೋ ‘ಅಕ್ಷರದೀಪ’ ಎಂದೋ ಕರೆದು ಸಂತೋಷಪಡುತ್ತೇವೆ. ಆ ಸಂತೋಷ ನಿರ್ದುಷ್ಟವಾದುದೇ. ಆದರೆ ನೆನ್ನೆ ಈ ಊರಿಗೆ ಬಂದಿಳಿದ ಅಪರಿಚಿತನಿಗೆ ನಾವಿಟ್ಟ ಮುದ್ದಿನ ಹೆಸರು ತಿಳಿಯುವುದೆಂತು? ಅವನು ‘ಹೈದರಾಬಾದ್ ಕನ್ನಡ ರಾಜ್ಯೋತ್ಸವ’ ಎಂದು ಬರೆಯುತ್ತಾನೆ, ‘ಮಕ್ಕಳ ಕನ್ನಡ ತರಗತಿ’ ಎಂದು ಬರೆಯುತ್ತಾನೆ. ಆದುದರಿಂದ ರೂಢಿಯ ಹೆಸರು ಮುಂದೆ ಬರಲಿ, ಮುದ್ದಿನ ಹೆಸರು ಹಿಂದೆ ಬರಲಿ. ‘ಸುಸ್ವಾಗತ’, ‘ಮುಖಪುಟ’, ‘ನಮ್ಮ ಬಗ್ಗೆ’ ಎಂಬ ಮಾತುಗಳು ಶೀರ್ಷಿಕೆಯ ಆದಿಯಲ್ಲಿ ಸರ್ವಥಾ ಇರಕೂಡದು. ಸ್ವಾಗತವನ್ನು ಹೇಳುವುದು ಅತಿಥಿ ಹೊಸ್ತಿಲಿಗೆ ಬಂದಮೇಲೆ. ಇನ್ನೂ ಬೀದಿಯಲ್ಲಿ ನಿಂತು ಮನೆ ಯಾವುದೆಂದು ನೋಡುತ್ತಿರುವವನಿಗೆ ಬೇಕಾದದ್ದು ಮನೆಯ ಹೆಸರು.

ಎರಡನೆಯದು ವಿಭಕ್ತಿಯ ವಿಷಯ. ಕನ್ನಡದ ನಾಮಪದ ಪ್ರತ್ಯಯ ಸೇರಿದೊಡನೆ ರೂಪವನ್ನು ಬದಲಿಸಿಕೊಳ್ಳುತ್ತದೆ: ಹೈದರಾಬಾದಿನ, ಹೈದರಾಬಾದಿನಲ್ಲಿ, ಹೈದರಾಬಾದಿನಿಂದ. ಸಂಧಿಯಾದರೆ ಮತ್ತಷ್ಟು. ಹುಡುಕುವವನಾದರೋ ಪ್ರತ್ಯಯದ ಗೊಡವೆಯಿಲ್ಲದೆ ಬಿಡಿಬಿಡಿಯಾದ ಮೂರು ಪದಗಳನ್ನು ಬರೆದು ಉತ್ತರವನ್ನು ನಿರೀಕ್ಷಿಸುತ್ತಾನೆ. ಯಂತ್ರ ಪ್ರತ್ಯಯವನ್ನು ಕಳಚಿ ಪ್ರಕೃತಿಯನ್ನು ಗುರುತಿಸಬಹುದು, ಗುರುತಿಸದೆಯೂ ಹೋಗಬಹುದು. ಅದರ ವ್ಯಾಕರಣಜ್ಞಾನವನ್ನು ನೆಚ್ಚಿ ಕೂರುವುದಕ್ಕಿಂತ, ಶೀರ್ಷಿಕೆಯಲ್ಲಿ ಮುಖ್ಯವಾದ ಪದಗಳನ್ನು ಪ್ರಥಮಾವಿಭಕ್ತಿಯಲ್ಲಿ, ಸಂಧಿಮಾಡದೆ, ಪ್ರತ್ಯೇಕವಾಗಿ ನಿಲ್ಲಿಸುವುದು ಲೇಸು. ‘ಹೈದರಾಬಾದಿನಲ್ಲಿನ ಕನ್ನಡಿಗರ ಮಕ್ಕಳಿಗಾಗಿ ನಡೆಸಲಾಗುವ ತರಗತಿಗಳು’ ಎನ್ನುವುದು ವ್ಯಾಕರಣಶುದ್ಧವಾದ ಮಾತು. ಆದರೆ ‘ಮಕ್ಕಳ ಕನ್ನಡ ತರಗತಿ, ಕಾಚಿಗುಡ, ಹೈದರಾಬಾದ್’ ಎನ್ನುವುದು ದಾರಿ ತೋರಿಸುವ ಮಾತು. ಊರಿನ ಹೆಸರನ್ನೇ ನಾವು ಹೈದರಾಬಾದ್, ಹೈದರಾಬಾದು, ಹೈದ್ರಾಬಾದ್ ಎಂದು ಮೂರು ಬಗೆಯಾಗಿ ಬರೆಯುತ್ತೇವೆ. ಈ ಪತ್ರದಲ್ಲಿ ನಾನು ಹಳೆಯ ರೂಢಿಯಂತೆ ಉಕಾರಾಂತವಾಗಿ ಬರೆಯುತ್ತಿದ್ದರೂ, ಶೀರ್ಷಿಕೆಯಲ್ಲಿ ಪತ್ರಿಕೆಗಳು ಬಳಸುವ ವ್ಯಂಜನಾಂತ ರೂಪವನ್ನೇ ಇಡಿರೆಂದು ಸಲಹೆ ಮಾಡುತ್ತೇನೆ. ಹೆಚ್ಚು ಜನ ಬರೆಯುವುದು ಅದನ್ನು.

ಮೂರನೆಯದಾಗಿ, ನಮ್ಮ ಊರಿನ ಹೆಸರಿಗೆ ವಿಶೇಷವಾದ ಒಂದು ತೊಡಕುಂಟು. ಸಿಂಧ್ ಪ್ರಾಂತದಲ್ಲಿಯೂ ಒಂದು ಹೈದರಾಬಾದ್ ಇದೆ. ಅದು ದೂರದ ಮಾತು. ಆದರೆ ಕನ್ನಡದಲ್ಲಿ ಬಹುಕಾಲ ಬಳಕೆಯಲ್ಲಿದ್ದ ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ನಮಗೆ ಬಹಳ ಹತ್ತಿರದ್ದು. 2019ರ ಸೆಪ್ಟೆಂಬರಿನಲ್ಲಿ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದಿದೆಯಾದರೂ ಹಳೆಯ ಹೆಸರಿನಲ್ಲಿ ಬರೆದ ಲೇಖನಗಳೂ ವಾರ್ತೆಗಳೂ ಜಾಲದಲ್ಲಿ ತುಂಬಿಕೊಂಡೇ ಇವೆ. ‘ಹೈದರಾಬಾದ್ ಕನ್ನಡ’ ಎಂದಷ್ಟೇ ಹೆಸರಿಟ್ಟ ಪುಟ ಅವುಗಳ ನಡುವೆ ಕಳೆದುಹೋಗುವುದು ಸಹಜ. ಆದುದರಿಂದ ಬಡಾವಣೆಯ ಹೆಸರನ್ನು ಸೇರಿಸಿರಿ: ಕಾಚಿಗುಡ, ಕೂಕಟ್‌ಪಲ್ಲಿ, ಸಿಕಂದರಾಬಾದ್. ಇತಿಹಾಸಕ್ಕೆ ಸಂಬಂಧಿಸಿದ ಪುಟವಾದರೆ ಎರಡು ಹೆಸರುಗಳೂ ಇರಲಿ. 2014ರ ನವೆಂಬರಿನಿಂದ ಕಲಬುರಗಿ ಎಂದು ಅಧಿಕೃತವಾಗಿ ಕರೆಯಲಾಗುತ್ತಿರುವ ಊರನ್ನು ಗುಲ್ಬರ್ಗ ಎಂದೇ ಹುಡುಕುವ ಹಿರಿಯರು ಇಂದಿಗೂ ಅನೇಕರಿದ್ದಾರೆ. ಹೊಸ ಹೆಸರು ಶೀರ್ಷಿಕೆಯಲ್ಲಿ, ಹಳೆಯದು ವಿವರಣೆಯಲ್ಲಿ ಇದ್ದರೆ ಇಬ್ಬರಿಗೂ ದಾರಿ ಸಿಕ್ಕುತ್ತದೆ. ವರ್ಷವರ್ಷವೂ ನಡೆಯುವ ಸಮಾರಂಭದ ಪುಟಗಳಿಗೆ ವರ್ಷವನ್ನು ಸೇರಿಸುವುದು ಅವಶ್ಯ. ಐದು ಪುಟಗಳಿಗೆ ಒಂದೇ ಹೆಸರಿದ್ದರೆ ಯಂತ್ರಕ್ಕೂ ಮನುಷ್ಯನಿಗೂ ಅವುಗಳಲ್ಲಿ ಹೊಸದು ಯಾವುದೆಂದು ತಿಳಿಯುವುದಿಲ್ಲ.

ಹೆಸರಿನ ದೈರ್ಘ್ಯದ ವಿಷಯದಲ್ಲಿ ತರುಣ ಮಿತ್ರರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಶೀರ್ಷಿಕೆ ಐವತ್ತರವತ್ತು ಅಕ್ಷರಗಳನ್ನು ಮೀರಬಾರದು, ವಿವರಣೆ ನೂರೈವತ್ತರ ಆಸುಪಾಸಿನಲ್ಲಿರಬೇಕು ಎಂಬ ಗಣನೆ ಇಂಗ್ಲಿಷಿನ ಅಕ್ಷರಗಳನ್ನು ಅನುಸರಿಸಿ ಹುಟ್ಟಿದ್ದು. ಗೂಗಲ್ ಅಕ್ಷರಗಳಿಗೆ ಮಿತಿಯನ್ನು ವಿಧಿಸಿಲ್ಲ. ಪರದೆಯ ಅಗಲಕ್ಕೆ ಹಿಡಿಸುವಷ್ಟನ್ನು ತೋರಿಸಿ ಉಳಿದುದನ್ನು ಕತ್ತರಿಸುತ್ತದೆ. ಕನ್ನಡದ ಅಕ್ಷರಗಳು ದುಂಡಗೆ, ಅಗಲವಾಗಿ, ಒತ್ತುಗಳೊಡನೆ ಹರಡಿಕೊಳ್ಳುವಂಥವು. ಮೇಲಾಗಿ ಯಂತ್ರದ ಎಣಿಕೆಯೇ ಬೇರೆ: ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ, ಯೂನಿಕೋಡಿನಲ್ಲಿ ಆರು ಸಂಕೇತ, ‘ಕನ್ನಡ’ ಎಂಬುದು ನಮಗೆ ಮೂರು, ಅದಕ್ಕೆ ಐದು. ಆದುದರಿಂದ ಎಣಿಸುವ ಉಪಕರಣಗಳನ್ನು ನಂಬದೆ, ಅಗ್ಗದ ಒಂದು ಫೋನಿನ ಸಣ್ಣ ಪರದೆಯಲ್ಲಿ ತಮ್ಮ ಪುಟವನ್ನು ತಾವೇ ಹುಡುಕಿ ನೋಡಿ, ಎಲ್ಲಿ ಸಾಲು ತುಂಡಾಗುತ್ತದೆ ಎನ್ನುವುದನ್ನು ಕಣ್ಣಾರೆ ಕಂಡುಕೊಳ್ಳಿರಿ. ಮುಖ್ಯವಾದ ಮಾತು ಮೊದಲ ನಾಲ್ಕೈದು ಪದಗಳಲ್ಲಿಯೇ ಬಂದುಬಿಟ್ಟರೆ ತುಂಡಾದರೂ ಕೇಡಿಲ್ಲ. ಸಂಘದ ಪೂರ್ಣನಾಮ, ನೋಂದಣಿಯ ವಿವರ ಮೊದಲಾದವನ್ನು ಮುಂದಿಟ್ಟು ವಿಷಯವನ್ನು ಹಿಂದಿಟ್ಟರೆ, ಕತ್ತರಿ ಬೀಳುವುದು ವಿಷಯದ ಮೇಲೆ.

ಲಿಪಿಯನ್ನು ಕುರಿತು ಹೇಳಲೇಬೇಕಾದದ್ದು ಬೇರೊಂದಿದೆ. ಪುಟ ಕನ್ನಡದಲ್ಲಿದ್ದು ಶೀರ್ಷಿಕೆ ಇಂಗ್ಲಿಷಿನಲ್ಲಿಯೋ ರೋಮನ್ ಲಿಪಿಯ ಕನ್ನಡದಲ್ಲಿಯೋ ಇರುವುದು ನಮ್ಮಲ್ಲಿ ಸಾಮಾನ್ಯ; ಹಾಗಿದ್ದರೆ ಹೆಚ್ಚು ಜನಕ್ಕೆ ಸಿಕ್ಕೀತೆಂಬ ನಂಬಿಕೆ ಅದಕ್ಕೆ ಕಾರಣ. ಆದರೆ 2022ರ ಜೂನಿನಲ್ಲಿ ಗೂಗಲ್ ಸಂಸ್ಥೆ, ಶೀರ್ಷಿಕೆಯ ಭಾಷೆ ಅಥವಾ ಲಿಪಿ ಪುಟದ ಭಾಷೆಗೆ ಹೊಂದದಿದ್ದಲ್ಲಿ ಹೊಂದುವ ಹೆಸರೊಂದನ್ನು ತಾನೇ ಆರಿಸಿಕೊಳ್ಳುವ ಕ್ರಮವನ್ನು ಜಾರಿಗೆ ತಂದಿರುವುದಾಗಿ ಪ್ರಕಟಿಸಿತು. ಅದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ, ಸುಮಾರು ಶೇಕಡ 87 ಸಂದರ್ಭಗಳಲ್ಲಿ ಪುಟದವರು ಬರೆದ ಶೀರ್ಷಿಕೆಯನ್ನೇ ತಾನು ಬಳಸುತ್ತಿರುವುದಾಗಿ ಅದೇ ಸಂಸ್ಥೆ ತಿಳಿಸಿತ್ತು. ಉಳಿದ ಸಂದರ್ಭಗಳಲ್ಲಿ ಯಂತ್ರವೇ ನಮಗೆ ಹೆಸರಿಡುತ್ತದೆ; ನಾವು ಬರಿದು ಬಿಟ್ಟ ಸ್ಥಳವನ್ನು, ಅಥವಾ ಅಸಂಗತವಾಗಿ ತುಂಬಿದ ಸ್ಥಳವನ್ನು, ಅದು ತನಗೆ ತೋಚಿದಂತೆ ತುಂಬುತ್ತದೆ. ನಮ್ಮ ಮಗುವಿಗೆ ದಾರಿಹೋಕನೊಬ್ಬನು ಹೆಸರಿಡುವುದನ್ನು ನಾವು ಒಪ್ಪುತ್ತೇವೆಯೇ? ಕನ್ನಡದ ಪುಟಕ್ಕೆ ಕನ್ನಡದಲ್ಲಿಯೇ ಹೆಸರಿಡೋಣ. ಈ ನಗರದಲ್ಲಿ ಹುಟ್ಟಿ ಬೆಳೆದು, ಕನ್ನಡವನ್ನು ಆಡಬಲ್ಲವರಾಗಿಯೂ ಓದಲಾರದವರಾದ ನಮ್ಮ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿಯೂ ಮಾಹಿತಿ ಬೇಕೆಂದರೆ, ಅದಕ್ಕೆ ಪ್ರತ್ಯೇಕವಾದ ಪುಟವನ್ನು ಮಾಡಿ, ಅದಕ್ಕೆ ಇಂಗ್ಲಿಷಿನ ಹೆಸರನ್ನಿಡೋಣ.

ಕನ್ನಡದಲ್ಲಿ ಬರೆಯುವಾಗ ಕಣ್ಣಿಗೆ ಕಾಣದ ಕೆಲವು ದೋಷಗಳು ನುಸುಳುವುದುಂಟು. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರೆವಣಿಗೆಯನ್ನು ಯೂನಿಕೋಡಿಗೆ ಪರಿವರ್ತಿಸದೆ ಹಾಗೆಯೇ ಪುಟಕ್ಕೆ ಸೇರಿಸಿದರೆ, ನಮಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಅರ್ಥಹೀನವಾದ ಲ್ಯಾಟಿನ್ ಚಿಹ್ನೆಗಳ ರಾಶಿ. ಇನ್ನೊಂದು ಮತ್ತೂ ಸೂಕ್ಷ್ಮವಾದುದು: ‘ಸಂಘ’ ಎಂದು ಬರೆಯುವಾಗ ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿ ‘ಸ೦ಘ’ ಎಂದೂ, ‘ಕರ್ನಾಟಕ’ ಎನ್ನುವಲ್ಲಿ ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನು ಒತ್ತಿ ‘ಕನಾ೯ಟಕ’ ಎಂದೂ ಬರೆಯುವವರು ವಿಪುಲವಾಗಿದ್ದಾರೆ. ಕಣ್ಣು ಮೋಸಹೋಗುತ್ತದೆ, ಯಂತ್ರಕ್ಕೆ ಅಕ್ಷರವೇ ಬೇರೆ, ಅಂಕಿಯೇ ಬೇರೆ. ಒಂದು ಸೊನ್ನೆಯ ದೆಸೆಯಿಂದ ಸಂಘವೇ ಸೂಚಿಯಲ್ಲಿ ಕಾಣೆಯಾಗಬಹುದು. ಹಾಗೆಯೇ, ಆಮಂತ್ರಣವನ್ನು ಚಿತ್ರವಾಗಿ ರಚಿಸಿ ಅಂಟಿಸಿದರಷ್ಟೇ ಸಾಲದು. ಚಿತ್ರದಲ್ಲಿರುವ ದಿನ, ವೇಳೆ, ಸ್ಥಳಗಳನ್ನು ಪುಟದಲ್ಲಿ ಅಕ್ಷರಗಳಾಗಿಯೂ ಬರೆಯಬೇಕು.

ವಿವರಣೆಯ ವಿಷಯಕ್ಕೆ ಬರುತ್ತೇನೆ. ಒಂದು ಸತ್ಯವನ್ನು ಮೊದಲು ಹೇಳಿಬಿಡಬೇಕು: ವಿವರಣೆಯಲ್ಲಿ ಬರೆದ ಮಾತುಗಳಿಂದ ಪುಟ ಪಟ್ಟಿಯಲ್ಲಿ ಮೇಲಕ್ಕೇರುವುದಿಲ್ಲ. ಹುಡುಕುವ ಪದಗಳ ಸರಮಾಲೆಯನ್ನು ಕಟ್ಟಿಡುವ ಕೀವರ್ಡ್ಸ್ ಎಂಬ ಹಳೆಯ ಪದ್ಧತಿಯನ್ನು ಸ್ಥಾನನಿರ್ಣಯಕ್ಕೆ ತಾನು ಗಣಿಸುವುದೇ ಇಲ್ಲವೆಂದು ಗೂಗಲ್ 2009ರಲ್ಲಿಯೇ ಸ್ಪಷ್ಟಪಡಿಸಿ, ವಿವರಣೆಯ ವಿಷಯದಲ್ಲಿಯೂ ಹೀಗೆಯೇ ಹೇಳಿತು. ಆದುದರಿಂದ ‘ಕನ್ನಡ, ಕನ್ನಡ ಸಂಘ, ಕನ್ನಡ ಸಂಘ ಹೈದರಾಬಾದ್, ಅತ್ಯುತ್ತಮ ಕನ್ನಡ ಸಂಘ’ ಎಂದು ಜಪಿಸುವುದರಿಂದ ಫಲವಿಲ್ಲ. ವಿವರಣೆ ಬರೆಯುವುದು ಯಂತ್ರಕ್ಕಾಗಿ ಅಲ್ಲವೇ ಅಲ್ಲ. ಅದು ಮನುಷ್ಯನಿಗಾಗಿ ಬರೆಯುವ ಮಾತು. ಅದನ್ನು ಬರೆಯುವ ಬಗೆಯನ್ನು ನಮ್ಮ ಲಗ್ನಪತ್ರಿಕೆಗಳಿಂದ ಕಲಿಯಬಹುದು. ಯಾರ ಮದುವೆ, ಯಾವ ದಿನ, ಯಾವ ಮುಹೂರ್ತ, ಯಾವ ಛತ್ರ, ಕರೆಯುವವರು ಯಾರು, ಇಷ್ಟೂ ಅದರಲ್ಲಿ ತಪ್ಪದೆ ಇರುತ್ತದೆ. ಪತ್ರಿಕೆಯನ್ನು ಓದಿದವನು ಮತ್ತಾರನ್ನೂ ಕೇಳದೆ ಛತ್ರದ ಬಾಗಿಲಿಗೆ ಬಂದು ನಿಲ್ಲಬಲ್ಲ. ಹಾಗೆ ಬರೆದಿದ್ದರೆ ಆ ತಾಯಿ ಹುಡುಕುತ್ತಿದ್ದ ಪುಟದ ವಿವರಣೆ ಹೀಗಿರುತ್ತಿತ್ತು: ‘ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕನ್ನಡ ಓದು, ಬರೆಹ. ಪ್ರತಿ ಭಾನುವಾರ ಬೆಳಗ್ಗೆ 10ರಿಂದ 12. ಶುಲ್ಕವಿಲ್ಲ. ಯಾವ ವಾರವಾದರೂ ಸೇರಬಹುದು.’ ಇದರಲ್ಲಿ ಅಲಂಕಾರವಿಲ್ಲ. ಆದರೆ ತಾಯಿಯ ಮನಸ್ಸಿನಲ್ಲಿ ಏಳುವ ನಾಲ್ಕು ಪ್ರಶ್ನೆಗಳಿಗೂ ಉತ್ತರವುಂಟು.

ಶೋಧಯಂತ್ರ ಕೆಲವೊಮ್ಮೆ ನಮ್ಮ ವಿವರಣೆಯನ್ನು ಬಿಟ್ಟು, ಹುಡುಕಿದ ಮಾತಿಗೆ ಹತ್ತಿರವಾದ ಬೇರೊಂದು ವಾಕ್ಯವನ್ನು ಪುಟದಿಂದಲೇ ಎತ್ತಿ ತೋರಿಸುತ್ತದೆ. ಅದಕ್ಕೆ ಬೇಸರಪಡಬೇಕಾಗಿಲ್ಲ, ಪುಟದೊಳಗಿನ ಬರೆವಣಿಗೆಯೂ ಅಷ್ಟೇ ಸ್ಪಷ್ಟವಾಗಿದ್ದರೆ ಅದು ಯಾವ ವಾಕ್ಯವನ್ನು ಎತ್ತಿದರೂ ನಮಗೆ ಹಾನಿಯಿಲ್ಲ. ಹಾನಿಯಾಗುವುದು ಹೆಸರಿನಲ್ಲಿ ಹೇಳಿದ್ದು ಒಳಗೆ ಇಲ್ಲದಾಗ. ಓದುಗನನ್ನು ಹೇಗಾದರೂ ಒಳಕ್ಕೆ ಸೆಳೆಯಬೇಕೆಂಬ ಆತುರದಿಂದ, ಬೆರಗಿನ ಮಾತುಗಳನ್ನೂ ಪ್ರಶ್ನಾರ್ಥಕಗಳನ್ನೂ ಹೊಲಿದು ಹೆಸರಿಡುವ ವ್ಯಾಪಾರಿಗಳ ಪದ್ಧತಿ ಇಂದು ಎಲ್ಲೆಡೆಯೂ ಪ್ರಚಲಿತವಾಗಿದೆ. ನಾಲ್ಕು ದಿನ ಅದರಿಂದ ಜನ ಬಂದಾರು. ವಂಚಿತರಾದೆವೆಂದು ತಿಳಿದ ಮೇಲೆ ಮತ್ತೆ ಬಾರರು. ಪರಭಾಷೆಯ ನೆಲದಲ್ಲಿ ಪರಸ್ಪರ ವಿಶ್ವಾಸವೊಂದನ್ನೇ ಬಂಡವಾಳವಾಗಿ ಇಟ್ಟುಕೊಂಡು ಬಾಳುತ್ತಿರುವ ಸಂಘಗಳಿಗೆ ಆ ದಾರಿ ತಕ್ಕುದಲ್ಲ. ಕಳೆದ ವರ್ಷ ನಿಂತುಹೋದ ತರಗತಿಯ ಪುಟ ಇಂದಿಗೂ ‘ಪ್ರವೇಶ ಆರಂಭ’ ಎಂದು ಸಾರುತ್ತಿದ್ದರೆ ಅದೂ ಒಂದು ಬಗೆಯ ಅಸತ್ಯವೇ. ಅಂಥ ಹೆಸರುಗಳನ್ನು ಕಾಲಕಾಲಕ್ಕೆ ತಿದ್ದುವುದು ಕಾರ್ಯದರ್ಶಿಗಳ ಕರ್ತವ್ಯಗಳಲ್ಲಿ ಸೇರತಕ್ಕದ್ದು.

ಮಾನ್ಯರೇ, ಈ ನಗರದಲ್ಲಿ ಕನ್ನಡದ ಕೆಲಸ ಇಂದು ನೆನ್ನೆಯದಲ್ಲ. 1941ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿಯೇ ಸೇರಿತು. ‘ಪ್ರಬುದ್ಧ ಕರ್ಣಾಟಕ’ವನ್ನು ಕಟ್ಟಿ ಬೆಳೆಸಿದ ಎ. ಆರ್. ಕೃಷ್ಣಶಾಸ್ತ್ರಿಗಳು ಅದರ ಅಧ್ಯಕ್ಷಪೀಠದಲ್ಲಿದ್ದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವೂ, ಮಾನ್ಯಖೇಟದ ಅರಸನ ಹೆಸರನ್ನು ಹೊತ್ತ ನೃಪತುಂಗ ಶಾಲೆಯೂ ಈ ನೆಲದಲ್ಲಿ ಕನ್ನಡಕ್ಕೆ ಮನೆಮಾಡಿಕೊಟ್ಟವು. ಆಗಿನ ಹಿರಿಯರಿಗೆ ಊರಿನ ಕನ್ನಡಿಗರೆಲ್ಲರ ಮನೆಗಳೂ ಗೊತ್ತಿದ್ದುವು. ಹೊಸದಾಗಿ ಬಂದವನನ್ನು ರೈಲುನಿಲ್ದಾಣದಲ್ಲಿಯೇ ಎದುರ್ಗೊಂಡು ಕರೆದುತರಲು ಸಾಧ್ಯವಿತ್ತು. ಇಂದು ಊರು ಹತ್ತು ದಿಕ್ಕಿಗೂ ಬೆಳೆದಿದೆ. ಬರುವವರು ನಮ್ಮನ್ನು ಅರಿಯರು, ನಾವು ಅವರನ್ನು ಅರಿಯೆವು. ಅವರು ಮೊದಲು ಕೇಳುವುದು ತಮ್ಮ ಅಂಗೈಯಲ್ಲಿರುವ ಯಂತ್ರವನ್ನು. ಆ ಯಂತ್ರ ನಮ್ಮ ವಿಷಯದಲ್ಲಿ ಏನು ಹೇಳುತ್ತದೆ ಎನ್ನುವುದು ನಾವು ಬರೆದಿಟ್ಟ ಮೂರು ಸಾಲುಗಳ ಮೇಲೆ ನಿಂತಿದೆ. ಅಂದು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿದ್ದ ಹಿರಿಯರ ಕೆಲಸವನ್ನೇ ಇಂದು ಈ ಮೂರು ಸಾಲುಗಳು ಮಾಡಬೇಕಾಗಿದೆ.

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಡಿರಿ. ತಮ್ಮ ಜಾಲತಾಣದ ಪುಟಗಳನ್ನೆಲ್ಲ ಒಂದು ಕಾಗದದಲ್ಲಿ ಪಟ್ಟಿಮಾಡಿ, ಪ್ರತಿಯೊಂದರ ಎದುರಿಗೂ ಈಗಿರುವ ಹೆಸರನ್ನು ಬರೆಯಿರಿ. ಈ ಊರಿಗೆ ಬಂದು ಆರು ತಿಂಗಳು ತುಂಬದ ಒಬ್ಬ ಕನ್ನಡಿಗರನ್ನು ಆ ಸಭೆಗೆ ಕರೆದು ಕುಳ್ಳಿರಿಸಿಕೊಂಡು, ಇದು ನಿಮಗೆ ಬೇಕಾದಾಗ ಯಾವ ಮಾತನ್ನು ಬರೆದು ಹುಡುಕುತ್ತೀರಿ ಎಂದು ಒಂದೊಂದಾಗಿ ಕೇಳಿರಿ. ಅವರು ಹೇಳಿದ ಮಾತನ್ನೇ ಹೆಸರಾಗಿ ಇಡಿರಿ. ಅವರು ಮುಂದೆ ಕೇಳಿದ ಪ್ರಶ್ನೆಗಳ ಉತ್ತರವನ್ನೇ ವಿವರಣೆಯಾಗಿ ಬರೆಯಿರಿ. ಮೊದಲು ತಿದ್ದುವ ಪುಟ ಮಕ್ಕಳ ತರಗತಿಯದಾಗಿರಲಿ.

ಇಂತು,
ತಮ್ಮ ವಿಶ್ವಾಸಿ,
ಹೈದರಾಬಾದಿನ ಒಬ್ಬ ಹಳೆಯ ಗ್ರಂಥಪಾಲಕ